ಗಾಳಿ ಮಿಷನ್ನಿನ ಲಾರಿ

ಲಾರಿಗೆ ಹೊಸದಾಗಿ ಏನನ್ನಾದರೂ ಹಾಕಿಸಿ ನೋಡಿ, ಅವತ್ತಿನಿಂದ ಡ್ರೈವರನ ತಲೆ ಊರಿನವರ ಪಾಲು. ಹಾರ್ನ್ ಹಾಕಿಸಿದರೆ ಮಕ್ಕಳು ಒತ್ತುತ್ತಾರೆ, ಕನ್ನಡಿ ಹಾಕಿಸಿದರೆ ದೊಡ್ಡವರು ನಿಂತು ಮೀಸೆ ತಿರುವುತ್ತಾರೆ. ನಾನು ಗಾಳಿ ಮಿಷನ್ ಹಾಕಿಸಿದೆ. ಆಮೇಲೆ ಆದದ್ದನ್ನು ಕೇಳಿ ನೀವು ನಗಬಹುದು. ನನಗೆ ಈಗಲೂ ಸಿಟ್ಟೇ ಬರುವುದು.

ಕೊಡಗು ಆಗಿನ್ನೂ ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ಈ ಕಡೆ ಕಾವೇರಿ ದಾಟಿದರೆ ಮೈಸೂರು, ಆ ಕಡೆ ಘಾಟಿ ಇಳಿದರೆ ಮಲಬಾರು. ನಮ್ಮ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡವರು. ನನ್ನ ಕೈಗೆ ಮಾತ್ರ ನೇಗಿಲಿಗಿಂತ ಸ್ಟೀರಿಂಗು ಹಿಡಿಸಿತು. ವಿರಾಜಪೇಟೆಯ ಮರದ ಕಂಟ್ರಾಕ್ಟರೊಬ್ಬರಲ್ಲಿ ಡ್ರೈವರಾದೆ. ಲಾರಿಯೋ, ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು. ತಿತಿಮತಿ ಕಾಡಿನಲ್ಲಿ ಮರ ತುಂಬುವುದು, ಮಾಕುಟ್ಟದ ಘಾಟಿ ಇಳಿಸುವುದು, ಇದೇ ಕೆಲಸ. ಜೊತೆಗೊಬ್ಬ ಮಾಪಿಳ್ಳೆ ಕ್ಲೀನರು. ವಯಸ್ಸಿನಲ್ಲಿ ನನಗಿಂತ ಹಿರಿಯ, ಹಾಗಾಗಿ ಅವನನ್ನು, ಅವರ ಕಡೆ ಅಣ್ಣನಿಗೆ ಅನ್ನುವಂತೆ, ಕಾಕ ಎನ್ನುತ್ತಿದ್ದೆ.

೧. ಕೈಪಂಪು

ಆಗ ಲಾರಿ ಟಯರಿಗೆ ಗಾಳಿ ಎಂದರೆ ಕೈಪಂಪೇ ಗತಿ. ಇಬ್ಬರು ಸರದಿಯ ಮೇಲೆ ಒತ್ತಬೇಕು. ಎದೆಗೂಡು ಕಳಚಿ ಕೈಗೆ ಬರುತ್ತದೆ, ಟಯರು ಮಾತ್ರ ಮೇಲೇಳುವುದಿಲ್ಲ. ಕಾಡಿನ ದಾರಿಯ ತುಂಬ ಬಿದಿರಿನ ಕೂಳೆ. ಪಂಚರ್ ಆಗದ ವಾರವೇ ಇರಲಿಲ್ಲ.

ಒಮ್ಮೆ ಘಾಟಿಯ ತಿರುವಿನಲ್ಲಿ ಹೀಗೇ ಆಗಿ, ಟ್ಯೂಬಿಗೆ ತೇಪೆ ಹಾಕಿ, ನಾನೂ ಕಾಕನೂ ಬೆವರು ಸುರಿಸಿಕೊಂಡು ಪಂಪು ಹೊಡೆಯುತ್ತಿದ್ದೆವು. ಹಿಂದಿನಿಂದ ಸಾಹುಕಾರರ, ಅಂದರೆ ನಮ್ಮ ಕಂಟ್ರಾಕ್ಟರ, ಕಾರು ಬಂತು. ಅವರು ಕಾರನ್ನು ನೆರಳಿಗೆ ನಿಲ್ಲಿಸಿ, ಬಾಗಿಲು ತೆರೆದು, ಕಾಲು ಹೊರಗೆ ಚಾಚಿ ಕೂತರು.

"ಏನ್ರಯ್ಯ, ಇನ್ನೂ ಆಗ್ಲಿಲ್ವಾ?"

"ಹೊಡೀತಾನೇ ಇದೀವಿ, ಸಾಹುಕಾರ್ರೇ."

"ಹೊಡಿಯೋ ರೀತಿನಾ ಅದು? ಮಜ್ಜಿಗೆ ಕಡೆದ ಹಾಗೆ! ಮೈ ಬಗ್ಗಿಸಿ ಹೊಡಿ ಮಾರಾಯ!"

ನನ್ನ ನೆತ್ತಿಗೆ ಏರಿತು. ಪಂಪು ಬಿಟ್ಟು ಪಕ್ಕಕ್ಕೆ ನಿಂತೆ. "ನೀವೇ ಒಂದು ಸಲ ತೋರಿಸಿಕೊಡಿ. ನೋಡಿ ಕಲೀತೀವಿ" ಅಂದೆ. ಕಾಕ ಕಣ್ಣು ಮುಚ್ಚಿಕೊಂಡ, ಇಬ್ಬರಿಗೂ ಇವತ್ತಿಗೆ ಅನ್ನ ತೀರಿತು ಎಂದು.

ಸಾಹುಕಾರರಿಗೆ ಹಟ ಬಂತು. ಕೋಟು ಬಿಚ್ಚಿ ಕಾಕನ ಕೈಗೆ ಕೊಟ್ಟು ಪಂಪಿನ ಹಿಡಿ ಹಿಡಿದರು. ಮೊದಲು ಮುಖ ಕೆಂಪಾಯಿತು, ಆಮೇಲೆ ನೇರಳೆಯಾಯಿತು, ಆಮೇಲೆ ಯಾವ ಬಣ್ಣವೂ ಉಳಿಯಲಿಲ್ಲ. ಹಿಡಿ ಬಿಟ್ಟು ಪಾಚಿ ಹಿಡಿದ ಮೋರಿ ಕಟ್ಟೆಯ ಮೇಲೆ ದೊಪ್ಪನೆ ಕೂತರು. ಮಾತು ಬರಲು ಬಹಳ ಹೊತ್ತು ಹಿಡಿಯಿತು.

"ಎಲ್ಲೋ... ತೂತು ಉಂಟು ಇದಕ್ಕೆ. ಗಾಳಿಯೆಲ್ಲ... ಹೊರಗೆ ಹೋಗ್ತಾ ಉಂಟು."

"ಟಯರಿನದಲ್ಲ ಸಾಹುಕಾರ್ರೇ" ಅಂದೆ. "ಅದು ನಿಮ್ಮದು."

೨. ಬಾನೆಟ್ಟಿನ ಮೇಲಿನ ಪಾತ್ರೆ

ತಮ್ಮ ಎದೆಗೆ ನೋವು ಬಂದ ಮೇಲೆ ಸಾಹುಕಾರರಿಗೆ ನಮ್ಮ ಎದೆಯ ನೆನಪಾಯಿತು. ಇನ್ನೊಂದು ಮಿಲಿಟರಿ ಲಾರಿಯಿಂದ ಕಳಚಿದ ಗಾಳಿ ಮಿಷನ್ ಹಿಡಿದು ತಂದರು. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವ ಸಣ್ಣ ಮಿಷನ್ನು, ಗಾಳಿ ತುಂಬಿಡಲು ಲಾರಿಯ ಹೊಟ್ಟೆಯಡಿಗೆ ಒಂದು ಉರುಟು ಟ್ಯಾಂಕು, ಅದರಿಂದ ಹೊರಟ ರಬ್ಬರ್ ಪೈಪು, ಅಷ್ಟೇ. ಕೂರಿಸುವ ಕೆಲಸ ಪೇಟೆಯ ವರ್ಕ್‌ಶಾಪಿನ ಮೇಸ್ತ್ರಿಗೆ ಬಿತ್ತು. ತಲಶೇರಿ ಕಡೆಯವನು. 'ಆಗುವುದಿಲ್ಲ' ಎಂಬ ಮಾತು ಅವನ ಬಾಯಲ್ಲಿ ಬಂದದ್ದೇ ಇಲ್ಲ. ಅದೇ ಅವನ ದೊಡ್ಡ ರೋಗ.

ಮಿಷನ್ ಕೂರಿಸಿದ. ಎಂಜಿನ್ ಚಾಲೂ ಮಾಡಿದರೆ ಬೆಲ್ಟು ಹಾರಿ ಬಿತ್ತು. ಮತ್ತೆ ಹಾಕಿದ, ಮತ್ತೆ ಹಾರಿತು.

"ಮಿಷನ್ನು ಸೊಟ್ಟ ಕೂರಿಸಿದ್ದೀಯ" ಅಂದೆ.

"ಮಿಷನ್ನು ನೆಟ್ಟಗೆ ಉಂಟು. ನಿಮ್ಮ ಎಂಜಿನ್ನೇ ಸೊಟ್ಟ."

ನಾನು ಕೂಗಾಡಿದ ಮೇಲೆ, ಎಂಜಿನ್ನಿಗೆ ಮರ್ಯಾದೆ ಕೊಡುವವನ ಹಾಗೆ, ಮಿಷನ್ನಿನ ಅಡಿಗೆ ಕಬ್ಬಿಣದ ತುಂಡು ಕೊಟ್ಟು ಎತ್ತರಿಸಿದ. ಬೆಲ್ಟು ನಿಂತಿತು. ಬಾನೆಟ್ಟು ಮುಚ್ಚಲಿಲ್ಲ.

"ಬಾನೆಟ್ಟು ಮುಚ್ಚೋದಿಲ್ವಲ್ಲಯ್ಯ!"

"ಯಾಕೆ ಮುಚ್ಚಬೇಕು? ನೀವು ದಿನಾ ತೆರೀತೀರಲ್ಲ."

ನಾನು ಸ್ಪಾನರು ಎತ್ತಿಕೊಂಡೆ. ಅವನು ಬಾನೆಟ್ಟಿಗೆ ಚೌಕಾಕಾರದ ಕಿಂಡಿ ಕೊಯ್ದ. ಮಿಷನ್ನಿನ ತಲೆ ಅದರಿಂದ ಇಣುಕಿತು. ಜೂನ್ ತಿಂಗಳು, ನಮ್ಮಲ್ಲಿ ಮಳೆ ಹೇಗೆಂದು ಹೇಳಬೇಕಿಲ್ಲ. ನೀರು ಒಳಗೆ ಇಳಿಯಬಾರದೆಂದು ಮೇಸ್ತ್ರಿ ತನ್ನ ಮನೆಯ ಅಲ್ಯೂಮಿನಿಯಂ ಪಾತ್ರೆಯೊಂದನ್ನು ತಂದು ಮೇಲೆ ಬೋರಲು ಹಾಕಿ, ತಂತಿಯಲ್ಲಿ ಬಿಗಿದ. ಬಿಸಿ ಹೋಗಲು ನಾಲ್ಕಾರು ತೂತು ಹೊಡೆದ. ಮಳೆಹನಿ ಬಿದ್ದಾಗಲೆಲ್ಲ ಆ ತೂತುಗಳಿಂದ ಹಬೆ ಏಳುತ್ತಿತ್ತು.

ವಿರಾಜಪೇಟೆಯ ಸಂತೆಯ ನಡುವೆ ಹಬೆಯಾಡುವ ಪಾತ್ರೆ ಹೊತ್ತು ನಾನು ಲಾರಿ ಬಿಡಬೇಕು. ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಬಿಟ್ಟೆ. ಮೀನು ಮಾರುವವಳು ಬುಟ್ಟಿ ಇಳಿಸಿ ಅಡ್ಡ ಬಂದಳು. ಪಾತ್ರೆ ನೋಡಿದಳು, ನನ್ನನ್ನು ನೋಡಿದಳು.

"ಡ್ರೈವರಣ್ಣ, ಮಾಕುಟ್ಟ ಮುಟ್ಟುವಾಗ ಬೇಯ್ತದಾ? ಸಾರಿಗೆ ಮೀನು ಕೊಡ್ಲಾ?"

೩. ಪರ್ಮಿಟ್ಟು

ಗಡಿಯಲ್ಲಿ ಆಗ ಅಲ್ಲಲ್ಲಿ ಗೇಟುಗಳು. ಅಕ್ಕಿಯ ಕಂಟ್ರೋಲು ಕಾಲ. ಒಂದು ಸೇರು ಅಕ್ಕಿಯೂ ಆಚೆ ದಾಟಬಾರದು. ಯಾವ ಗೇಟು ಎಂದು ನಾನು ಹೇಳುವುದಿಲ್ಲ, ಅಲ್ಲಿದ್ದ ಕಾವಲುಗಾರನಿಗೆ ಈಗ ಮೊಮ್ಮಕ್ಕಳಿರಬಹುದು.

ಅವನು ಲಾರಿಯನ್ನು ಸುತ್ತು ಹಾಕಿ, ಬಗ್ಗಿ ನೋಡಿ, ಲಾಠಿಯಿಂದ ಟ್ಯಾಂಕಿಗೆ ಕುಟ್ಟಿದ.

"ಇದರ ಒಳಗೆ ಎಂಥ?"

"ಗಾಳಿ."

"ಗಾಳಿ ಇಡ್ಲಿಕ್ಕೆ ಯಾರಾದ್ರೂ ಇಷ್ಟು ದಪ್ಪದ ಕಬ್ಬಿಣದ ಡಬ್ಬಿ ಮಾಡಿಸ್ತಾರಾ? ಅಕ್ಕಿಯಾ, ಸಾರಾಯಿಯಾ, ನಿಜ ಹೇಳು."

"ಗಾಳಿನೇ. ಟಯರಿಗೆ."

"ಟಯರಿನ ಒಳಗೆ ಗಾಳಿ ಉಂಟಲ್ಲ. ಮತ್ತೆ ಇದು ಯಾಕೆ?"

ಹಿಂದೆ ಲಾರಿಗಳ ಸಾಲು ಬೆಳೆಯಿತು. ಒಬ್ಬೊಬ್ಬರೇ ಹಾರ್ನ್ ಹೊಡೆಯತೊಡಗಿದರು. ಇವನು ಟ್ಯಾಂಕಿನಡಿಯ ಬಿರಡೆ ತಾನೇ ತಿರುಗಿಸುತ್ತೇನೆ ಎಂದು ಕೂತ. "ಬೇಡ, ಮುಖ ಆಚೆ ಇಟ್ಕೊ" ಅಂದೆ. ಕಳ್ಳ ಹೆದರಿದ ಎಂದುಕೊಂಡು ಇನ್ನೂ ಹತ್ತಿರಕ್ಕೆ ಮುಖ ತಂದು ತಿರುಗಿಸಿದ. ಒಳಗೆ ನಿಂತಿದ್ದ ತುಕ್ಕುನೀರು, ಎಣ್ಣೆ, ಎಲ್ಲ ಒಟ್ಟಾಗಿ ಬುಸ್ಸೆಂದು ಅವನ ಟೋಪಿಯಿಂದ ಮೀಸೆಯವರೆಗೆ ಬಳಿಯಿತು. ಅವನು ಮೀಸೆ ನೆಕ್ಕಿ ನೋಡಿದ. ಸಾರಾಯಿ ಅಲ್ಲ ಎಂದು ಖಾತ್ರಿಯಾಯಿತು. ಅದಕ್ಕೇ ಅವನಿಗೆ ಬೇಜಾರು.

ಗಲಾಟೆಗೆ ಅವನ ಮೇಲಿನವನು ಹೊರಗೆ ಬಂದ. ಎಲ್ಲ ಕೇಳಿ, ತಲೆ ತುರಿಸಿ, ಗಂಭೀರವಾಗಿ ಹೇಳಿದ: "ಕೊಡಗಿನ ಗಾಳಿ ಆಚೆ ಸಾಗಿಸೋದಕ್ಕೆ ಪರ್ಮಿಟ್ ಬೇಕೋ ಬೇಡ್ವೋ ಗೊತ್ತಿಲ್ಲ. ಮಡಿಕೇರಿಗೆ ಕೇಳಿ ಹೇಳ್ಬೇಕು. ಅಲ್ಲಿ ತನಕ ಲಾರಿ ಬದಿಗೆ ಹಾಕು."

ಮೈಯೆಲ್ಲ ಉರಿದುಹೋಯಿತು. ಲಾರಿಯಡಿಗೆ ನುಗ್ಗಿ, ಉಳಿದ ಗಾಳಿಯನ್ನೂ ಪೂರ್ತಿ ಬಿಟ್ಟು, ಎದ್ದು ಬಂದು ಹೇಳಿದೆ: "ತಗೊಳ್ಳಿ, ಕೊಡಗಿನ ಗಾಳಿ ಕೊಡಗಲ್ಲೇ ಉಂಟು. ಎಣಿಸಿಕೊಂಡು ಗೇಟು ತೆಗೀರಿ."

೪. ಸಣ್ಣ ಗಾಳಿ

ಸುದ್ದಿ ಹಬ್ಬಿತು. ಲಾರಿ ನಿಂತಲ್ಲೆಲ್ಲ ಜನ. ಬಸ್ಸಿನವರು ಬಂದರು, ಫುಟ್‌ಬಾಲ್ ಹಿಡಿದು ಇಸ್ಕೂಲಿನ ಮೇಷ್ಟ್ರು ಬಂದರು. ಒಬ್ಬ ಮಹಾರಾಯ ಹಾರ್ಮೋನಿಯಮ್ ಹೊತ್ತು ತಂದ, ಅದರ ಒಳಗೆ ಜಿರಲೆ ಸೇರಿದೆಯಂತೆ, ಊದಿ ಓಡಿಸಬೇಕಂತೆ. ನಾನು ಹಲ್ಲು ಕಡಿದುಕೊಂಡು ಊದಿದೆ. ಜಿರಲೆಯೂ ಹೋಯಿತು, 'ಸಾ'ದಿಂದ 'ಪ'ವರೆಗೆ ಸ್ವರಗಳೂ ಹೋದವು. ಅದಕ್ಕೆ ಬೈಗುಳ ನನಗೆ.

ಎಲ್ಲರಿಗಿಂತ ತಲೆ ತಿಂದವನು ತಿತಿಮತಿ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಸೈಕಲ್ ತಳ್ಳಿಕೊಂಡು ಬಂದ. ಕಾಕ ಎಚ್ಚರಿಕೆಯಿಂದಲೇ ಪೈಪು ಹಿಡಿದ. "ಸಾಕು" ಅಂದ. ರೈಟರಿಗೆ ಸಾಕಾಗಲಿಲ್ಲ. "ಬಿಟ್ಟಿ ಗಾಳಿಗೆ ಏನು ಜಿಪುಣತನ, ಹಾಕು ಹಾಕು" ಎಂದು ಪೈಪು ತಾನೇ ಕಸಿದು ಒತ್ತಿದ. ಢಂ! ಎಸ್ಟೇಟಿನ ಕೂಲಿ ಲೈನಿನ ಹೆಂಗಸರು ಕೆಲಸ ಬಿಟ್ಟು ಓಡಿದರು. ಟ್ಯೂಬು ಚಿಂದಿಯಾಗಿ ಅವನ ಕೊರಳಿಗೆ ಸುತ್ತಿಕೊಂಡಿತ್ತು.

ಮರುದಿನ ಹೊಸ ಟ್ಯೂಬಿನೊಂದಿಗೆ ಹಾಜರು.

"ನಿಮ್ಮದು ಲಾರಿ ಗಾಳಿ. ನಮ್ಮ ಸೈಕಲ್ಲಿಗೆ ಹಿಡಿಸ್ಲಿಲ್ಲ" ಅಂದ. "ಸೈಕಲ್ಲಿಗೆ ಆಗುವಂಥ ಸಣ್ಣ ಗಾಳಿ ಬೇರೆ ಇಟ್ಟಿಲ್ವಾ?"

೫. ಚೀಟಿ

ಹೀಗೆ ಕಂಡಕಂಡವರಿಗೆ ಗಾಳಿ ಹಾಕಲು ಎಂಜಿನ್ ಓಡಿಸಿ ಪೆಟ್ರೋಲು ಸುಡುತ್ತಿದ್ದೇನೆ ಎಂದು ಯಾರೋ ಸಾಹುಕಾರರ ಕಿವಿ ಊದಿದರು. ಮರದ ಡಿಪೋದಲ್ಲಿ ಎಲ್ಲರ ಮುಂದೆ ಅಪ್ಪಣೆಯಾಯಿತು: "ಇನ್ನು ನನ್ನ ಕೈಬರಹದ ಚೀಟಿ ಇಲ್ಲದೆ ಯಾರಿಗೂ ಗಾಳಿ ಹಾಕಕೂಡದು. ಯಾರಿಗೂ ಅಂದ್ರೆ ಯಾರಿಗೂ! ದೇವರು ಇಳಿದು ಬಂದು ಕೇಳಿದ್ರೂ ಚೀಟಿ ಕೇಳು!"

ನನಗೂ ಪೀಡೆ ತಪ್ಪಿತು ಎನ್ನಿಸಿತು. ಆದರೆ ಸ್ವಲ್ಪ ದಿನಕ್ಕೇ, ತಿತಿಮತಿಯ ಕಾಡುದಾರಿಯಲ್ಲಿ ಒಂದು ಜೀಪು ಟಯರು ಕೂತು ನಿಂತಿತ್ತು. ಒಳಗೆ ದಿನ ತುಂಬಿದ ಹೆಣ್ಣುಮಗಳು, ನೋವು ಶುರುವಾಗಿದೆ. ಗಂಡ ರಸ್ತೆಯ ನಡುವೆ ಕೈಮುಗಿದು ನಿಂತಿದ್ದ. ಚೀಟಿ ಗೀಟಿ ಯಾರಿಗೆ ನೆನಪಾಗುತ್ತದೆ? ಗಾಳಿ ಹಾಕಿ ಕಳಿಸಿದೆ. ಆಸ್ಪತ್ರೆಯಲ್ಲಿ ತಾಯಿ ಮಗು ಇಬ್ಬರೂ ಉಳಿದರು.

ಸಾಹುಕಾರರು ಡಿಪೋದಲ್ಲಿ ಮತ್ತೆ ಎಲ್ಲರ ಮುಂದೆ ನಿಲ್ಲಿಸಿದರು. "ಚೀಟಿ ಇತ್ತಾ?"

"ಹೆರಿಗೆ ನೋವು ಚೀಟಿಗೆ ಕಾಯ್ತದಾ ಸಾಹುಕಾರ್ರೇ?"

"ಅದು ನಂಗೆ ಬೇಡ. ಚೀಟಿ ಇತ್ತಾ, ಇಲ್ವಾ? ಇನ್ನೊಂದು ಸಲ ಹೀಗಾದ್ರೆ ಲಾರಿಯಿಂದ ಇಳೀಬೇಕು. ಕಾನೂನು ಅಂದ್ರೆ ಕಾನೂನು."

ನಾನು ಲಾರಿ ಹತ್ತಿ ಬಾಗಿಲನ್ನು ಧಡಾರನೆ ಹಾಕಿಕೊಂಡೆ.

ಮದುವೆ ಕಾಲ ಬಂತು. ಅದೇ ಕಾಡುದಾರಿಯಲ್ಲಿ ಮರ ತುಂಬಿಕೊಂಡು ಬರುತ್ತಿದ್ದೆ. ತಿರುವಿನಲ್ಲಿ ಸಾಹುಕಾರರ ಕಾರು ಒಂದು ಮಗ್ಗುಲಿಗೆ ವಾಲಿ ನಿಂತಿದೆ. ಸ್ಟೆಪ್ನಿ ಹಾಕಿದ್ದಾರೆ, ಅದರಲ್ಲೂ ಗಾಳಿ ಇಲ್ಲ. ದಾರಿಯಲ್ಲಿ ಆನೆಯ ಹಸಿ ಲದ್ದಿ ಹೊಗೆಯಾಡುತ್ತಿತ್ತು. ಸಾಹುಕಾರರು ಮದುವೆಗೆ ಹೊರಟ ದಿರಿಸಿನಲ್ಲಿ, ಮೊಣಕಾಲುದ್ದದ ಕಪ್ಪು ಕುಪ್ಪಸ, ಸೊಂಟಕ್ಕೆ ಸುತ್ತಿದ ಕೆಂಪು ದಟ್ಟಿ, ಅದರಲ್ಲಿ ಸಿಕ್ಕಿಸಿದ ಬೆಳ್ಳಿಯ ಪೀಚೆಕತ್ತಿ ಸಮೇತ, ಎರಡೂ ಕೈ ಬೀಸುತ್ತಿದ್ದರು. ಕಾರಿನೊಳಗೆ ಅವರ ಹೆಂಡತಿ, ಹಿಂದಿನ ಸೀಟಿನಲ್ಲಿ ಅತ್ತೆ. ಅತ್ತೆ ಗಾಳಿಬೀಡು ಕಡೆಯವರು, ಮನೆಮಾತು ಅರೆಭಾಷೆ, 'ಉಂಟು' ಎನ್ನಲು 'ಉಟ್ಟು' ಎನ್ನುವವರು. ಅಳಿಯ ಇಡೀ ಪೇಟೆಯಲ್ಲಿ ಹೆದರುತ್ತಿದ್ದ ಒಂದೇ ಜೀವ.

"ಬಂದ್ಯಾ! ಬೇಗ ಪೈಪು ತೆಗಿ. ಮುಹೂರ್ತ ಮೀರ್ತಾ ಉಂಟು!"

ನಾನು ಇಳಿದು ಬಾಗಿಲು ಹಾಕಿ, ಅದಕ್ಕೆ ಒರಗಿ ನಿಂತೆ.

"ಚೀಟಿ?"

"ಯಾವ ಚೀಟಿ?"

"ನಿಮ್ಮ ಕೈಬರಹದ್ದು."

"ತಮಾಷೆಯಾ? ನಾನೇ ಇಲ್ಲಿ ನಿಂತಿದ್ದೇನಲ್ಲಯ್ಯ!"

"ದೇವರು ಇಳಿದು ಬಂದ್ರೂ ಚೀಟಿ ಕೇಳು ಅಂದಿದ್ದೀರಿ. ಕಾನೂನು ಅಂದ್ರೆ ಕಾನೂನು, ಸಾಹುಕಾರ್ರೇ."

ಸಾಹುಕಾರರು ಕುಪ್ಪಸ ತಡಕಿದರು. ಕುಪ್ಪಸಕ್ಕೆ ಜೇಬಿಲ್ಲ. ಪೀಚೆಕತ್ತಿ ಇದೆ, ಪೆನ್ನಿಲ್ಲ. ಕಾಡಿನೊಳಗೆ ಬಿದಿರು ಲಟಲಟನೆ ಮುರಿದ ಸದ್ದಾಯಿತು. ಕಾಕ ಲಾರಿ ಹತ್ತಿ ಕೂತ. ಸಾಹುಕಾರರು ಓಡಿಹೋಗಿ ಅತ್ತೆಯ ಸಂಚಿಯಿಂದ ಒಂದು ವೀಳ್ಯದೆಲೆ ಎಳೆದು, ಕಾರಿನ ಬಾನೆಟ್ಟಿನ ಮೇಲಿಟ್ಟು, ಬೆರಳಿಗೆ ಸುಣ್ಣ ಅದ್ದಿ 'ಗಾಳಿ ಕೊಡು' ಎಂದು ಬರೆದರು.

"ರುಜು?" ಅಂದೆ.

ಹಲ್ಲು ಕಡಿಯುತ್ತ ರುಜುವನ್ನೂ ಹಾಕಿದರು. ಎಲೆಯನ್ನು ನನಗೆ ಕೊಡಲು ಕಾರಿನ ಕಿಟಕಿ ದಾಟಿ ಬರಬೇಕಷ್ಟೆ. ಕಿಟಕಿಯಿಂದ ಅತ್ತೆಯ ಕೈ ಹೊರಬಂತು. ಎಲೆಯನ್ನು ಇಸಿದುಕೊಂಡು, ಅಡಿಕೆ ಹೋಳಿಟ್ಟು ಮಡಿಸಿ ಬಾಯಿಗೆ ಹಾಕಿಕೊಂಡರು.

"ಒಂದು ಎಲೆಗೆ ಸುಣ್ಣ ಹಚ್ಚಿಕೆ ಇಷ್ಟು ಹೊತ್ತಾ?" ಅಂದರು ಅಳಿಯನಿಗೆ.

ಸಾಹುಕಾರರು ಕಿಟಕಿಗೆ ಬಗ್ಗಿದರು. "ಅತ್ತೆ, ಅದು ಚೀಟಿ!"

ಅವರು ಅಗಿಯುತ್ತಲೇ ನನ್ನ ಕಡೆ ತಿರುಗಿದರು. "ಎಂಥ ಚೀಟಿ ಮಗ?"

ಎಲ್ಲವನ್ನೂ ಹೇಳಿದೆ. ಡಿಪೋದ ಅಪ್ಪಣೆ, ಜೀಪು, ಹೆರಿಗೆ ನೋವು, ಎಲ್ಲರ ಮುಂದೆ ನಿಲ್ಲಿಸಿದ್ದು. ಒಳಗೆ ಕಟ್ಟಿಕೊಂಡಿದ್ದುದೆಲ್ಲ ಹೊರಗೆ ಬಂತು. ಅತ್ತೆಯ ದವಡೆ ನಿಂತಿತು. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆನೆಯೇ ಬಂದಿದ್ದರೂ ಸಾಹುಕಾರರು ಅಷ್ಟು ಬೆವರುತ್ತಿರಲಿಲ್ಲ.

"ಹೆರುವವಳ ಹತ್ರ ಚೀಟಿ ಕೇಳಿದಾ ನೀನು?" ಅಂದರು. ಮತ್ತೆ ನನಗೆ, "ಗಾಳಿ ಹಾಕು ಮಗ. ಚೀಟಿ ನನ್ನ ಹೊಟ್ಟೇಲಿ ಉಟ್ಟು. ಯಾರು ಕೇಳಿದರೂ ಜವಾಬು ನಾನೇ ಹೇಳ್ನೆ."

ಹಾಕಿದೆ. ಆ ದಿನದಿಂದ ಚೀಟಿಯ ಕಾನೂನು ಹೋಯಿತು, ನನ್ನ ಕೆಲಸ ಉಳಿಯಿತು. ಆದರೆ ಆ ಗಳಿಗೆಯಲ್ಲಿ ಅದು ಯಾರಿಗೆ ಗೊತ್ತು? ನಾನು ಪೈಪು ಸುತ್ತುತ್ತಿದ್ದಾಗ ಸಾಹುಕಾರರು ಪಕ್ಕಕ್ಕೆ ಬಂದು, ಅತ್ತೆಗೆ ಕೇಳಬಾರದೆಂದು ಪಿಸುಗುಟ್ಟಿದರು: "ನಾಳೆಯಿಂದ ನೀನು ಕೆಲಸಕ್ಕೆ ಬರೋದು ಬೇಡ."

ನಾನು ಗಟ್ಟಿಯಾಗಿಯೇ ಅಂದೆ: "ಅದನ್ನೂ ಬರೆದು ಕೊಡಿ, ಸಾಹುಕಾರ್ರೇ."

ಕಾರಿನ ಕಿಟಕಿಯಿಂದ ಸಂಚಿಯ ಸಮೇತ ಕೈ ಹೊರಬಂತು.

"ಎಲೆ ಇನ್ನೂ ಉಟ್ಟು. ಬೇಕಾ?"