ರೇವವ್ವನ ಸೀಟು

ಅಣ್ಣಿಗೇರಿಯ ಪೈಪು ವ್ಯಾಪಾರಿ ಶಂಕ್ರಪ್ಪ ಮಾಡಿದ ತಪ್ಪು ಇಷ್ಟೇ. ಎರಡೂ ಕೈಯಲ್ಲಿ ಪೈಪು ಹಿಡಿದಿದ್ದರಿಂದ, ಬಂದ ಫೋನನ್ನು ಸ್ಪೀಕರಿಗೆ ಹಾಕಿ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಮಾತಾಡಿದ. ಬಾಜೂ ಬೆಂಚಿನಲ್ಲಿ ಪುಕ್ಕಟೆ ಪೇಪರು ಓದುತ್ತ ಓಣಿಯ ಹುಲಿಗೆಪ್ಪ ಕೂತಿದ್ದ.

ಫೋನು ಪೈಪು ಕಂಪನಿಯ ಪ್ರಭುವಿನದು. "ಸರ್, ಚೀನಾ ಟೂರಿನಾಗ ಮೇಡಮ್ಮಾರ ಸೀಟು ಖಾಲಿ ಐತ್ರಿ. ಸಂಜಿ ಐದರೊಳಗ ಪಾಸ್‌ಪೋರ್ಟ್ ಇದ್ದವರದು ಒಂದು ಹೆಸರು ಕೊಡ್ರಿ. ಇಲ್ಲಂದ್ರ ಅದು ಬ್ಯಾರೆ ಊರಿನ ಅಂಗಡಿಯವರಿಗೆ ಹೋಗ್ತೈತಿ."

ಮೇಡಮ್ಮಾರು ಎಂದರೆ ಶಂಕ್ರಪ್ಪನ ಹೆಂಡತಿ ರೇವವ್ವ. ಕಾಮಾಲೆಯಾಗಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅಂಗಡಿಯ ಬೋರ್ಡಿನಲ್ಲಿ ಹೆಸರು ಗಂಡನದು, ಒಳಗಿನ ದುಡಿಮೆಯೆಲ್ಲ ಅವಳದೇ. ವರ್ಷವಿಡೀ ರೈತರ ಬೆನ್ನುಬಿದ್ದು ಅವಳು ಪೈಪು ಮಾರಿದ್ದಕ್ಕೆ ಕಂಪನಿ ಇಬ್ಬರಿಗೆ ಚೀನಾದ ಗುಯ್ಲಿನ್ ಎಂಬ ಊರು ತೋರಿಸುತ್ತೇನೆ ಎಂದಿತ್ತು. ಆ ಊರಿನ ಚಿತ್ರಗಳಿದ್ದ ಪುಸ್ತಕವನ್ನು ಅವಳು ರೊಟ್ಟಿ ಬಡಿಯುವಾಗಲೂ ಎದುರಿಗಿಟ್ಟುಕೊಳ್ಳುತ್ತಿದ್ದಳು. ಹೊಳೆಗೆ ಸೊಂಡಿಲಿಳಿಸಿ ನಿಂತ ಆನೆಯಂಥ ಗುಡ್ಡ, ಕೊಳಲಿನ ಹೆಸರಿನ ಗವಿಯೊಳಗೆ ಬಣ್ಣಬಣ್ಣದ ದೀಪ, ಏಳು ನಕ್ಷತ್ರಗಳ ಹೆಸರು ಹೊತ್ತ ಏಳು ಗುಡ್ಡಗಳ ಉದ್ಯಾನ. ಅಣ್ಣಿಗೇರಿಯ ಸುತ್ತ ಎತ್ತ ನೋಡಿದರೂ ಎರೆಹೊಲ. ಅಲ್ಲಿಯವರಿಗೆ ಗುಡ್ಡವೆಂದರೆ ಹತ್ತಿಯ ರಾಶಿಯೇ.

"ಇಬ್ರೂ ಹೋಗೂಣು ನಡ್ರಿ," ಎಂದು ಅವಳು ಕೇಳಿದಾಗಲೆಲ್ಲ ಶಂಕ್ರಪ್ಪ, "ಕಲ್ಲು ನೋಡಾಕ ಅಷ್ಟು ದೂರ ಯಾರ ಹೋಗ್ತಾರ? ನಾ ಒಲ್ಲೆ," ಎಂದಿದ್ದ. ಕೊನೆಗೆ ಅವಳೇ ಹಟಮಾಡಿ ಇಬ್ಬರದೂ ಪಾಸ್‌ಪೋರ್ಟು ಮಾಡಿಸಿ, ಅರ್ಜಿ ತುಂಬಿ ಕಳಿಸಿದಳು. ಎರಡನೆಯ ಸೀಟು ತನ್ನದೇ ಎಂದುಕೊಂಡ ಇವನು ಅದನ್ನು ಇಣುಕಿಯೂ ನೋಡಲಿಲ್ಲ. ಈಗ ಅವಳಿಲ್ಲದ ಮನೆಯಲ್ಲಿ ಆ 'ಒಲ್ಲೆ' ಅವನನ್ನು ಚುಚ್ಚುತ್ತಿತ್ತು. ಆ ಆನೆಗುಡ್ಡದ ಮುಂದೆ ನಿಂತು ಒಮ್ಮೆ ಅವಳ ಹೆಸರು ಹಿಡಿದು ಕೂಗದಿದ್ದರೆ ತನ್ನ ಜೀವಕ್ಕೆ ಸಮಾಧಾನವಿಲ್ಲ ಎಂದು ಅವನು ನಿಶ್ಚಯಿಸಿಕೊಂಡಿದ್ದ.

ಹುಲಿಗೆಪ್ಪ ಪೇಪರು ಮಡಚಿದ. ಚಹಾದಂಗಡಿಯ ತನಕ ಒಂದು ಸುತ್ತು ಹೋಗಿಬಂದ. ಅಷ್ಟು ಸಾಕಾಯಿತು.

ಹತ್ತು ಗಂಟೆಯ ಹೊತ್ತಿಗೆ ಶಂಕ್ರಪ್ಪನ ಮನೆಗೆ ಜನ ಎರಡನೆಯ ಸಲ ಸಾವಿನ ದುಃಖ ಮಾತಾಡಿಸಲು ಬರತೊಡಗಿದರು. ಮೊದಲ ಸಲ ಬಾರದವರೂ ಈಗ ಬುತ್ತಿ ಕಟ್ಟಿಕೊಂಡು ಬಂದರು. ಮುದುಕಿ ಫಕೀರವ್ವನಂತೂ ಹೊಸಿಲು ದಾಟುವಾಗಲೇ ದನಿ ತೆಗೆದು ಹಾಡಿಕೊಂಡು ಅಳಲಿಕ್ಕೆ ಶುರುಮಾಡಿದಳು.

"ಗುಡ್ಡಾ ನೋಡದ ಹ್ವಾದೆಲ್ಲ ನನ್ನವ್ವಾ... ಬಂಗಾರದಂಥ ಸೀಟು ಬಿಟ್ಟು ಹ್ವಾದೆಲ್ಲ ನನ್ನವ್ವಾ... ನನ್ನ ಮೊಮ್ಮಗ ಮನಿಯಾಗ ಖಾಲಿ ಕುಂತಾನಲ್ಲ ನನ್ನವ್ವಾ..."

"ಪಾಸ್‌ಪೋರ್ಟ್ ಐತೇನಬೇ ಅವಗ?" ಎಂದ ಶಂಕ್ರಪ್ಪ.

ಫಕೀರವ್ವ ಅಳು ನಿಲ್ಲಿಸಿದಳು. "ಆಧಾರ ಐತಿ," ಎಂದಳು.

ಬಂದವರಲ್ಲಿ ಒಬ್ಬ ಬಾಡಿಗೆ ಕಾರು ಓಡಿಸುವವನು, ಅಲ್ಲಿ ದಾರಿ ತಪ್ಪದಂತೆ ನೋಡಿಕೊಳ್ಳುತ್ತೇನೆ ಎಂದ. ಇನ್ನೊಬ್ಬ, ಚೀನಾದ ಊಟ ನಿನಗೆ ಆಗುವುದಿಲ್ಲ, ನಾನು ರೊಟ್ಟಿ ಮಾಡಿಕೊಡುತ್ತೇನೆ ಎಂದ. ಪಾಸ್‌ಪೋರ್ಟು ಒಬ್ಬರಲ್ಲೂ ಇರಲಿಲ್ಲ. ದುಬೈಗೆ ಹೊರಟು ಹುಬ್ಬಳ್ಳಿಯಿಂದ ವಾಪಸು ಬಂದಿದ್ದ ಹುಲಿಗೆಪ್ಪನ ಕಿಸೆಯಲ್ಲಿ ಮಾತ್ರ ಒಂದಿತ್ತು. ಅವನು ಕಂಬಕ್ಕೆ ಒರಗಿ, ಗಳಿಗೆಗೊಮ್ಮೆ ಅದನ್ನು ತೆಗೆದು ಧೂಳು ಒರೆಸುತ್ತ ಕೂತಿದ್ದ.

"ಪರದೇಶದಾಗ ನಿನ್ನ ಕಣ್ಣೀರು ಒರಸಾಕ ಒಬ್ಬರು ಬೇಕಲ್ಲೋ ಶಂಕ್ರಣ್ಣ," ಎಂದ.

ಇದರ ನಡುವೆ ಬಾಜೂ ಮನೆಯ ಜಮೀಲಾಬಿ ಚಹಾದ ಕಿಟ್ಲಿ ಹಿಡಿದು ಬಂದಳು. ಹೊಲಿಗೆ ಮಶೀನಿನಲ್ಲಿ ಓಣಿಯ ರವಿಕೆಗಳನ್ನೆಲ್ಲ ಹೊಲಿಯುವ ಈಕೆ ರೇವವ್ವನ ಜೀವದ ಗೆಳತಿ. "ಅಣ್ಣಾರ, ಒಂದು ಮಾತಿತ್ತು," ಎಂದಳು. ಮಂದಿಯನ್ನು ನೋಡಿ ಕಿಟ್ಲಿ ಇಟ್ಟು ಹೋದಳು. ಮಧ್ಯಾಹ್ನ ರೊಟ್ಟಿ ತಂದಾಗಲೂ ಹಾಗೆಯೇ ನಿಂತು, ಹಾಗೆಯೇ ಹೋದಳು. ನಾಲ್ಕೂವರೆಗೆ ಮೂರನೆಯ ಸಲ ಬಂದಾಗ ಶಂಕ್ರಪ್ಪನ ತಲೆ ಕಾದ ಹಂಚಾಗಿತ್ತು.

"ನಿಮಗೂ ಸೀಟ ಬೇಕಾಗೇತೇನ್ರಿ?" ಎಂದುಬಿಟ್ಟ.

ಜಮೀಲಾಬಿಯ ಮುಖ ಕಪ್ಪಿಟ್ಟಿತು. ಸೆರಗು ಸರಿಮಾಡಿಕೊಂಡು ನಡೆದಳು.

ಐದಕ್ಕೆ ಐದು ನಿಮಿಷ ಇರುವಾಗ, ಇವರೆಲ್ಲ ಎದ್ದು ಹೋದರೆ ಸಾಕು ಎನ್ನುವಂತಾಗಿದ್ದ ಶಂಕ್ರಪ್ಪ ಪ್ರಭುವಿಗೆ ಫೋನು ಮಾಡಿ, "ಹುಲಿಗೆಪ್ಪನ ಹೆಸರು ಬರಕೊಳ್ರಿ," ಎಂದ. ಹುಲಿಗೆಪ್ಪ ಅಲ್ಲೇ ಪಾಸ್‌ಪೋರ್ಟಿನ ಫೋಟೋ ಹೊಡೆದು ಕಳಿಸಿದ. ಮನೆ ಕ್ಷಣದಲ್ಲಿ ಖಾಲಿಯಾಯಿತು. ಅತ್ತ ಓಣಿಯ ತುದಿಯಲ್ಲಿ ಹುಲಿಗೆಪ್ಪನಿಗೆ ಮಾಲೆ ಬಿತ್ತು.

ಐದೂ ಹತ್ತಕ್ಕೆ ಫೋನಿಗೆ ಪಟ್ಟಿ ಬಂತು. ಅಣ್ಣಿಗೇರಿಯಿಂದ ಎರಡು ಹೆಸರು: ಜಮೀಲಾಬಿ, ಹುಲಿಗೆಪ್ಪ.

ಶಂಕ್ರಪ್ಪ ಫೋನು ಹಚ್ಚಿದ. "ಪ್ರಭು ಅವರ, ನನ್ನ ಹೆಸರು ಎಲ್ಲೈತ್ರಿ?"

"ನಿಮ್ಮದು ಯಾವಾಗ ಇತ್ರಿ ಸರ್? ಮೇಡಮ್ಮಾರು ಕೊಟ್ಟಿದ್ದು ಎರಡು ಹೆಸರು, ಅವರದು, ಜಮೀಲಾಬಿಯವರದು. 'ಮೂರು ಸಲ ಕೇಳೀನಿ, ನಮ್ಮವರು ಒಲ್ಲೆ ಅಂತಾರ' ಅಂತ ಮೇಡಮ್ಮಾರು ಅಂದಿದ್ರು."

"ಈಗ ಬದಲಿ ಮಾಡ್ರಿ. ನಾ ಹೋಗ್ತೀನಿ."

"ವೀಸಾಕ್ಕ ಕಳಿಸಿಬಿಟ್ಟೀನ್ರಿ ಸರ್. ಇನ್ನ ನನ್ನ ಕೈಯಾಗ ಇಲ್ಲ."

ಜಮೀಲಾಬಿಯ ಬಾಗಿಲಲ್ಲಿ ಬಂದು ನಿಂತ ಶಂಕ್ರಪ್ಪನ ಮುಖ ನೋಡಿಯೇ ಅವಳು ಮಶೀನು ನಿಲ್ಲಿಸಿದಳು. ಮಕ್ಕಾದ ಉಮ್ರಾ ಯಾತ್ರೆಗೆಂದು ಮಾಡಿಸಿದ ಪಾಸ್‌ಪೋರ್ಟು ತನ್ನಲ್ಲಿತ್ತು, ಅದನ್ನೇ ರೇವಕ್ಕ ಒಯ್ದು ಕೊಟ್ಟಳು ಎಂದಳು.

"ನನಗ ಯಾಕ ಹೇಳಲಿಲ್ರಿ?"

"ದುಃಖದ ಮನಿಯಾಗ ಟೂರಿನ ಮಾತು ಹ್ಯಾಂಗ ತೆಗೀಲಿ ಅಂತ ಸುಮ್ಮನಿದ್ದೆ. ಇವತ್ತ ಹೇಳಾಕ ಮೂರು ಸಲ ಬಂದ್ನೆಲ್ರಿ." ಅವಳ ಕಣ್ಣು ತುಂಬಿದವು. "ದವಾಖಾನ್ಯಾಗ ರೇವಕ್ಕ ನನ್ನ ಕೈ ಹಿಡಕೊಂಡು ಅಂದ್ಲು: ಸಿಟ್ಟಿಲೆ ಅವರ ಹೆಸರು ಬಿಟ್ಟೆ ಜಮೀಲಾ. ನಾಕನೇ ಸಲ ಕೇಳಿದ್ರ ಹೂಂ ಅಂತಿದ್ರೋ ಏನೋ. ನಾ ಉಳೀಲಿಲ್ಲಂದ್ರ ನೀನೇ ಕೇಳು. ಹೂಂ ಅಂದ್ರ, ನನ್ನ ಸೀಟು ಅವರಿಗೆ ಕೊಡಸು."

ಹೊರಗೆ ಹುಲಿಗೆಪ್ಪನ ಮಂದಿ ಪಟಾಕಿ ಹಚ್ಚಿದರು. ಶಂಕ್ರಪ್ಪ ಹೊಸಿಲ ಮೇಲೆ ಕುಸಿದು ಕೂತ. ಎರಡು ತಿಂಗಳಿಂದ ಎಲ್ಲರೆದುರು ಗಟ್ಟಿಯಾಗಿದ್ದ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತ. ಪಟಾಕಿ ನಿಂತ ಮೇಲೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಈಗ ಕೇಳ್ರಿ," ಎಂದ.

ಜಮೀಲಾಬಿಗೆ ತಿಳಿಯಿತು. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಮೆಲ್ಲಗೆ ಕೇಳಿದಳು. "ಚೀನಾಕ್ಕ ಬರ್ತೀರೇನ್ರಿ ಅಣ್ಣಾರ? ರೇವಕ್ಕ ಕೇಳ್ಯಾಳ."

"ಬರ್ತೀನಂತ ಹೇಳ್ರಿ ಆಕಿಗೆ," ಎಂದ ಶಂಕ್ರಪ್ಪ.