ಮೆಷಿನ್ ನಿಂತಿದ್ದಕ್ಕೆ ಕಾರಣ

ಪೀಣ್ಯದ ಶೆಡ್ಡುಗಳಿಗೆ ಹೊಸ ಮೆಷಿನ್ ಬಂದಾಗಲೆಲ್ಲ ಇಂಥದ್ದು ನಡೆದೇ ನಡೆಯುತ್ತೆ. ಅಳಬೇಕೋ ನಗಬೇಕೋ ಗೊತ್ತಾಗದೆ ನಾವು ಟೀ ಅಂಗಡಿಗೆ ಹೋಗಿ ನಕ್ಕು ಬರುತ್ತೇವೆ, ಏಕೆಂದರೆ ಅಳುವುದಕ್ಕೆ ರಜ ಕೊಡುವುದಿಲ್ಲ.

ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ. ನಮ್ಮ ಶೆಡ್ಡಿನಲ್ಲಿ ಐದು ಹಳೇ ಲೇತ್, ಅವನ್ನು ಓಡಿಸುವ ಐದು ಜನ ಟರ್ನರ್. ನಮ್ಮಲ್ಲಿ ಹಿರಿಯರು ಮೇಸ್ತ್ರಿ. ಇಪ್ಪತ್ತಾರು ವರ್ಷದಿಂದ ಕಬ್ಬಿಣ ಕಡೆದವರು. ಬೆಳಿಗ್ಗೆ ಬಂದಾಗ, ಸಂಜೆ ಹೊರಡುವಾಗ ಲೇತಿನ ಕಬ್ಬಿಣದ ಪೀಠ, ನಮ್ಮ ಮಾತಲ್ಲಿ ಬೆಡ್, ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳದೆ ಅವರು ಕದಲಿದ್ದನ್ನು ನಾನು ನೋಡಿಲ್ಲ. ಮಗಳು ನರ್ಸಿಂಗ್ ಓದುತ್ತಿದ್ದಳು. "ಅವಳ ಓದು ಮುಗಿಯೋಗಂಟ ಈ ಕೈ ನಡುದ್ರೆ ಸಾಕು ಕಣೋ" ಅಂತ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು.

೧. ಗೃಹಪ್ರವೇಶ

ಕಂಪ್ಯೂಟರ್ ಲೇತ್ ಬಂತು. ಬಾಗಿಲಲ್ಲಿ ಹಿಡಿಸಲಿಲ್ಲ, ಗೋಡೆ ಒಡೆದೆವು. ಒಳಗೆ ಜಾಗ ಸಾಲದೆ ಮೂರು ಹಳೇ ಲೇತನ್ನು ಹೊರಗೆಳೆದೆವು. ಪಕ್ಕದ ಶೆಡ್ಡಿನಿಂದ ಮೂವರನ್ನು ಕರೆತಂದು, ಕೆಳಗೆ ಉರುಳಲು ಪೈಪು ಕೊಟ್ಟು, ಎಂಟು ಜನ ಸೇರಿ ಮೆಷಿನ್ನನ್ನು ತಳ್ಳಿದೆವು.

ಓನರ್ ತೆಂಗಿನಕಾಯಿ ಒಡೆದು, "ನೋಡ್ರೋ, ನಾಲ್ಕು ಜನರ ಕೆಲಸ ಇದೊಂದೇ ಮಾಡುತ್ತೆ" ಅಂದರು.

ಮೇಸ್ತ್ರಿ ಬೆವರು ಒರೆಸಿಕೊಂಡರು. "ಒಳಕ್ಕೆ ತರಕ್ಕೇ ಎಂಟು ಜನ ಆದ್ವಿ ಸಾರ್. ಅಂಗಾರೆ ಮಿಕ್ಕಿದ್ ನಾಲ್ಕು ಜನಕ್ಕೆ ಕೆಲಸ ಐತೆ ಅಂತಾಯ್ತು."

ಈ ಲೆಕ್ಕ ಓನರ್‌ಗೆ ಹಿಡಿಸಲಿಲ್ಲ. ಮುಂದಿನ ವಾರ ಮೂವರು ಟರ್ನರ್‌ಗಳು, ತಾವೇ ಒಡೆದ ಗೋಡೆಗೆ ಸಿಮೆಂಟ್ ಹಾಕಿ ಮುಚ್ಚಿ, ಮನೆಗೆ ಹೋದರು. ಉಳಿದವರು ಮೇಸ್ತ್ರಿ ಮತ್ತು ನಾನು.

೨. ಅರಿಶಿನದ ನೀರು

ಮೆಷಿನ್‌ಗೆ ಪ್ರೋಗ್ರಾಂ ಬರೆಯಲು ಗದಗದ ಕಡೆಯ ಡಿಪ್ಲೊಮಾ ಹುಡುಗಿ ಬಂದಳು. ಅವಳು ದಿನಾ ಒಂದು ಹಾಳೆ ತುಂಬಬೇಕು: ಮೆಷಿನ್ ಎಷ್ಟು ಹೊತ್ತು ನಿಂತಿತ್ತು, ಕಾರಣವೇನು. ಸಂಜೆ ಓನರ್ ಕೆಂಪು ಪೆನ್ನು ಹಿಡಿದು ಅದನ್ನು ಓದುವರು. ನಾವು ಎಷ್ಟು ಹೊತ್ತು ನಿಂತಿದ್ದೆವು ಅಂತ ಯಾರೂ ಬರೆದುಕೊಂಡದ್ದಿಲ್ಲ.

ಆಯುಧಪೂಜೆ ಬಂತು. ಮೇಸ್ತ್ರಿ ಹಳೇ ಲೇತಿಗೆ ಮಾಡಿದ ಹಾಗೇ ಹೊಸದಕ್ಕೂ ಭೇದವಿಲ್ಲದೆ ಅರಿಶಿನದ ನೀರು ಚಿಮುಕಿಸಿದರು, ಗುಂಡಿಗಳ ಮೇಲೆ ಸ್ವಲ್ಪ ಜಾಸ್ತಿಯೇ. ಪರದೆ ಒಮ್ಮೆ ಮಿಟುಕಿ ಕಪ್ಪಾಯಿತು.

ಪುಣೆಯಿಂದ ರಿಪೇರಿಯವನು ಬರಲು ಆರು ದಿನ. ಆ ಆರು ದಿನ ನಮ್ಮ ಎರಡು ಲೇತ್‌ಗಳು ಹಬ್ಬದ ಹಾಗೆ ಓಡಿದವು. ಮರೆತೇಹೋಗಿದ್ದ ಓವರ್‌ಟೈಮ್ ಕೈಗೆ ಬಂತು. ಹುಡುಗಿ ಹಾಳೆಯಲ್ಲಿ 'ಪೂಜೆ' ಅಂತ ಬರೆದಳು, ಓನರ್ ಕೆಂಪು ಗೆರೆ ಎಳೆದರು.

ಏಳನೇ ದಿನ ಮೆಷಿನ್ ಎದ್ದಿತು. ಮೇಸ್ತ್ರಿ ಓನರ್ ಹತ್ತಿರ ಹೋಗಿ ಬಹಳ ವಿನಯದಿಂದ ಕೇಳಿದರು: "ಸಾರ್, ಇನ್ಮೇಲೆ ಪ್ರತೀ ಶುಕ್ರವಾರಾನೂ ಒಂದ್ ಸಣ್ಣ ಪೂಜೆ ಇಟ್ಕಳಾಣ?"

೩. ಎರಡನೇ ನೋಟ್‌ಬುಕ್

ಹುಡುಗಿಗೆ ಕಂಪ್ಯೂಟರ್ ಗೊತ್ತು, ಕಬ್ಬಿಣ ಗೊತ್ತಿಲ್ಲ. ನೋಟ್‌ಬುಕ್ ಹಿಡಿದು ಮೇಸ್ತ್ರಿಯ ಹಿಂದೆ ಬಿದ್ದಳು.

"ಸರ್, ಈ ಮಾಲಿಗೆ ಸ್ಪೀಡ್ ಎಷ್ಟ್ ಇಡ್ಬೇಕ್ರಿ?"

"ಕಡೆದಾಗ ಬರೋ ಸುರುಳಿ ಬಣ್ಣ ನೋಡವ್ವ. ಜೇನಿನ ಬಣ್ಣ ಬಂದ್ರೆ ಸರಿ. ನೀಲಿಗೆ ತಿರುಗ್ತೋ, ಕಡೆಯೋ ಟೂಲ್ ಸುಡ್ತಾ ಐತೆ ಅಂತ."

ಟೂಲ್ ಮೊಂಡಾದಾಗ ಸದ್ದು ಹೇಗಿರುತ್ತೆ, ಕೈಗೆ ನಡುಕ ಹೇಗೆ ಬರುತ್ತೆ, ಎಲ್ಲ ಹೇಳಿದರು. ಅವಳು ಎಲ್ಲ ಬರೆದುಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಟೀ ಅಂಗಡಿಯಲ್ಲಿ ಕೇಳಿಯೇಬಿಟ್ಟೆ: "ಮೇಸ್ತ್ರಿ, ಎಲ್ಲಾ ಹೇಳ್ಕೊಟ್ಬಿಟ್ರೆ ನಿಮ್ಮನ್ಯಾಕೆ ಇಟ್ಕೋತಾರೆ?"

ಅವರು ಟೀ ಲೋಟ ಕೆಳಗಿಟ್ಟರು. "ಇಪ್ಪತ್ತಾರು ವರ್ಸದಲ್ಲಿ ಇದುನ್ನ ಯಾರೂ ಕೇಳಿರ್ಲಿಲ್ಲ ಕಣೋ" ಅಂದರು.

ಮೊದಲ ನೋಟ್‌ಬುಕ್ ತುಂಬಿದ ದಿನ ಲಗ್ಗೆರೆಯ ಅಂಗಡಿಯಿಂದ ಎರಡನೆಯದನ್ನು ಸ್ವಂತ ದುಡ್ಡಲ್ಲಿ ತಂದುಕೊಟ್ಟವರೂ ಅವರೇ.

೪. ಯಾರೂ ಇಲ್ಲದ ಶೆಡ್ಡು

ದೊಡ್ಡ ಆರ್ಡರ್ ಕೊಡುವ ಗಿರಾಕಿಗಳು ಶೆಡ್ಡು ನೋಡಲು ಬರುವವರಿದ್ದರು. ಮನುಷ್ಯರ ಕೈ ತಾಗದೆ ಮಾಲು ತಯಾರಾಗುತ್ತೆ ಅಂತ ತೋರಿಸುವುದು ಓನರ್ ಆಸೆ. ಅದಕ್ಕೆ ಮೇಸ್ತ್ರಿಯನ್ನೂ ನನ್ನನ್ನೂ ಸ್ಟೋರ್ ರೂಮಿನಲ್ಲಿ ಎಣ್ಣೆ ಡ್ರಮ್ಮುಗಳ ಹಿಂದೆ ಕೂರಿಸಿ ಬಾಗಿಲು ಮುಂದಕ್ಕೆ ಮಾಡಿದರು.

ಹೊರಗೆ ಓನರ್ ವರ್ಣನೆ ಜೋರಾಗಿತ್ತು. ಮೇಸ್ತ್ರಿ ಕಿವಿ ಮಾತ್ರ ಮೆಷಿನ್ ಕಡೆ. ಇದ್ದಕ್ಕಿದ್ದಂತೆ ಎದ್ದು, "ಟೂಲ್ ಮೂಲೆ ಹಾರ್ತು! ನಿಲ್ಸವ್ವ, ನಿಲ್ಸು!" ಅಂತ ಕೂಗುತ್ತಾ ಹೊರಗೆ ಓಡಿದರು. ಹುಡುಗಿ ಕೆಂಪು ಗುಂಡಿ ಗುದ್ದಿದಳು. ತೆಗೆದು ನೋಡಿದರೆ ನಿಜವಾಗಿಯೂ ಟೂಲಿನ ಮೂಲೆ ಹಾರಿತ್ತು. ಇನ್ನೊಂದು ಸುತ್ತು ತಿರುಗಿದ್ದರೆ ಮೆಷಿನ್ನಿಗೇ ಪೆಟ್ಟು.

ಗಿರಾಕಿಗಳಲ್ಲೊಬ್ಬ ಬೆರಗಾಗಿ ಕೇಳಿದ: "ಇವ್ರು ಯಾರು?"

ಓನರ್ ತಡವರಿಸಲೇ ಇಲ್ಲ. "ಇವ್ರು ಇಲ್ಲಿ ಕೆಲಸ ಮಾಡಲ್ಲ ಸಾರ್."

ಆರ್ಡರ್ ಸಿಕ್ಕಿತು. ಟೂಲಿನ ಸದ್ದು ಕೆಟ್ಟರೆ ತಾನೇ ಮೆಷಿನ್ ನಿಲ್ಲಿಸುವ ಒಂದು ಪೆಟ್ಟಿಗೆಯೂ ಬಂತು. ಯಾವ ಸದ್ದು ಕೆಟ್ಟದ್ದು ಅಂತ ಅದಕ್ಕೆ ತೋರಿಸಿಕೊಡಲು ಮೇಸ್ತ್ರಿಯನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಗಿರಾಕಿಗೆ ಓನರ್ ಹೇಳಿದ್ದು ನಿಜವಾಗಲು ಮೂರು ತಿಂಗಳು ಸಾಕಾಯಿತು.

೫. ಹಾರ

ಉಳಿದಿದ್ದ ಎರಡು ಲೇತ್ ಗುಜರಿಗೆ ಹೋದವು. ಹೊಸ ಮೆಷಿನ್‌ಗೆ ಮಾಲು ಕಟ್ಟಿ ಹಸಿರು ಗುಂಡಿ ಒತ್ತಲು ಒಬ್ಬ ಸಾಕು, ಅದೂ ಹೆಲ್ಪರ್ ಸಂಬಳಕ್ಕೆ. ಓನರ್ ನನ್ನನ್ನು ಕೇಳಿದರು, ಒಪ್ಪಿಕೊಂಡೆ. ಮೇಸ್ತ್ರಿಯೂ ಒಪ್ಪುತ್ತಿದ್ದರು, ಅವರನ್ನು ಯಾರೂ ಕೇಳಲಿಲ್ಲ. ನಾನೂ "ಅವರನ್ನ ಕೇಳಿ" ಅನ್ನಲಿಲ್ಲ. ಇದು ಇವತ್ತಿಗೂ ನನ್ನನ್ನು ಚುಚ್ಚುತ್ತೆ.

ಕೊನೆಯ ದಿನ ಸೇವಂತಿಗೆ ಹಾರ, ಒಂದು ಸ್ಟೀಲ್ ಡಬ್ಬಿ. ಆರ್ಡರ್ ಅವಸರದ್ದು, ಹಾಗಾಗಿ ಬೀಳ್ಕೊಡುಗೆಗೆಂದು ಮೆಷಿನ್ ನಿಲ್ಲಿಸಲಿಲ್ಲ. ಅದರ ಸದ್ದಿಗಿಂತ ಮೇಲೆ ಓನರ್ ಭಾಷಣ ಮಾಡಿದರು. ಮೇಸ್ತ್ರಿ ನನ್ನ ಕಿವಿಯಲ್ಲಿ, "ಇನ್ನೆರಡು ವರ್ಸ ಐತೆ ಕಣೋ ಮಗಳ ಓದು" ಅಂದರು.

ಶಿಫ್ಟಿನ ಗಂಟೆ ಹೊಡೆಯಿತು. ಅವರು ಹಾರ ಹಾಕಿಕೊಂಡೇ ತಮ್ಮ ಲೇತ್ ಇದ್ದ ಜಾಗಕ್ಕೆ ನಡೆದರು. ಅಲ್ಲಿ ನಾಲ್ಕು ಬೋಲ್ಟ್ ತೂತು ಬಿಟ್ಟರೆ ಏನೂ ಇಲ್ಲ. ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ತಿರುಗಿ, ಓಡುತ್ತಿದ್ದ ಹೊಸ ಮೆಷಿನ್ನಿನ ಬಾಗಿಲು ಸರಿಸಿ, ಒಳಗೆ ಕೈಹಾಕಿ, ಬೆಡ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಅದು ಬಾಗಿಲು ತೆರೆದರೆ ತಾನೇ ನಿಲ್ಲುವ ಮೆಷಿನ್. ನಿಂತಿತು. ಕೆಂಪು ದೀಪ ಹತ್ತಿತು, ಅಲಾರಾಂ ಅರಚಿತು, ಅರ್ಧ ಕಡೆದ ಮಾಲು ಹಾಳಾಯಿತು. ಓನರ್ ಭಾಷಣವೂ ಅಲ್ಲಿಗೇ ನಿಂತಿತು. ಬೈಯಲು ಬಾಯಿ ತೆರೆದವರು ಹಾರ ನೋಡಿ ಮುಚ್ಚಿಕೊಂಡರು. ಮೇಸ್ತ್ರಿ ಕೂಲಂಟ್ ಎಣ್ಣೆ ಹತ್ತಿದ ಕಣ್ಣು ಒರೆಸಿಕೊಳ್ಳುತ್ತಾ ಡಬ್ಬಿ ಹಿಡಿದು ಹೊರಟುಹೋದರು.

ಮೆಷಿನ್ ಮತ್ತೆ ಶುರುವಾಗಲು ನಲವತ್ತು ನಿಮಿಷ ಹಿಡಿಯಿತು. ಓನರ್ ಕೆಂಪು ಪೆನ್ನು ತೆಗೆದು ಹಾಳೆ ಓದಿದರು.

"ಏನಮ್ಮಾ ಇದು? ಕಾರಣ ಅನ್ನೋ ಕಡೆ 'ನಮಸ್ಕಾರ' ಅಂತ ಬರ್ದಿದೀಯ?"

"ಆಗಿದ್ದು ಅದೇ ರೀ ಸರ್" ಅಂದಳು ಹುಡುಗಿ. "ಮತ್ತೇನ್ ಬರೀಲ್ರಿ?"

ಓನರ್ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಇಟ್ಟುಕೊಂಡರು.