ಭಾವನ ಹನ್ನೊಂದು ಬಿಡುಗಡೆಗಳು

ನನ್ನ ಭಾವ ಹನ್ನೊಂದು ಸಲ ಬಿಡುಗಡೆ ಮಾಡಿದವರು. ಹೀಗೆಂದ ತಕ್ಷಣ ಪುಸ್ತಕವೋ ಕ್ಯಾಸೆಟ್ಟೋ ಎಂದು ನೀವು ಗೌರವದಿಂದ ಎದ್ದು ಕೂರಬೇಡಿ! ಅವರು ಬಿಡುಗಡೆ ಮಾಡುವುದು ಯಾರೂ ಕೇಳದ ಒಂದು ಸಾಫ್ಟ್‌ವೇರನ್ನು. ಅದೂ ಪುಕ್ಕಟೆ.

ಭಾವನಿಗೆ ಬಂಟ್ವಾಳ ಪೇಟೆಯಲ್ಲಿ ಮದುವೆ ಕಾಗದ ಅಚ್ಚು ಹಾಕುವ ಒಂದು ಕೋಣೆಯ ಅಂಗಡಿ. ಹಳೆಯ ಫಾಂಟಿನಲ್ಲಿ ಟೈಪು ಮಾಡಿಟ್ಟ ಕನ್ನಡವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರದ ಬದಲು ಇರುವೆ ಹರಿದಾಡಿದ ಹಾಗೆ ಏನೇನೋ ಕಾಣುತ್ತಿದ್ದ ಕಾಲ ಅದು. ಆ ಇರುವೆಗಳನ್ನು ಮರಳಿ ಕನ್ನಡ ಮಾಡುವುದೇ ಭಾವನ ಸಾಫ್ಟ್‌ವೇರಿನ ಕೆಲಸ. ಪುಸ್ತಕ ನೋಡಿ ನೋಡಿ ತಾವೇ ಕಲಿತು ಬರೆದದ್ದು. "ಇದು ಓಪನ್ ಸೋರ್ಸ್ ಮಾರಾಯ. ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು" ಎಂದು ನನಗೆ ವಿವರಿಸಿದ್ದರು.

ಅಡುಗೆಮನೆಯಿಂದ ಅಕ್ಕನ ಸ್ವರ ಬಂತು: "ಬಿಚ್ಚಿ ನೋಡಿದವರು ಹೆದರಿ ಪುನಃ ಮುಚ್ಚಿ ಹೋಗಿದ್ದಾರೆ."

ಬಿಡುಗಡೆ ಹತ್ತಿರ ಬಂತೆಂದರೆ ಮನೆಯಲ್ಲಿ ಹೆರಿಗೆಯ ವಾತಾವರಣ. ಯಾರೂ ಗಟ್ಟಿ ಮಾತಾಡಬಾರದು, ಮಿಕ್ಸಿ ಹಾಕಬಾರದು. ಮೂಡಬಿದಿರೆಯಲ್ಲಿ ಮಾಸ್ಟ್ರಿಕೆ ಮಾಡಿಕೊಂಡು ಸುಖವಾಗಿದ್ದ ನನಗೆ ಫೋನು: "ಭಾನುವಾರ ಬಾ, ಪರೀಕ್ಷೆ ಮಾಡ್ಲಿಕ್ಕುಂಟು." ಹೋದರೆ ನಾನು ಮಾಡಬೇಕಾದದ್ದು ಇಷ್ಟೆ: ತಪ್ಪು ಹುಡುಕುವುದು, ಹುಡುಕಿದ ಮೇಲೆ ಅದು ತಪ್ಪೇ ಅಲ್ಲ ಎಂದು ಭಾವನಿಂದ ಒಂದು ಗಂಟೆ ಪಾಠ ಕೇಳುವುದು!

ಪ್ರತಿ ಬಿಡುಗಡೆಯ ಜೊತೆ ಸುಧಾರಣೆಗಳ ಪಟ್ಟಿಯೂ ಹೊರಡುತ್ತಿತ್ತು. ಒಮ್ಮೆ ಅದರಲ್ಲಿ "ಹಿಂದಿನ ಆವೃತ್ತಿಯ ಸುಧಾರಣೆಗಳನ್ನು ಈ ಆವೃತ್ತಿಯಲ್ಲಿ ತೆಗೆದುಹಾಕಲಾಗಿದೆ" ಎಂದು ಬರೆದಿದ್ದರು. ಈ ಚಟ ಊಟದ ಎಲೆಗೂ ಬಂತು. "ನಿನ್ನೆಯದ್ದಕ್ಕಿಂತ ಉಪ್ಪು ಸುಧಾರಿಸಿದೆ. ಹುಳಿಯಲ್ಲಿ ಹಳೆಯ ದೋಷ ಮುಂದುವರಿದಿದೆ" ಎಂದರು ಒಂದು ಮಧ್ಯಾಹ್ನ.

"ಹಾಗಾದ್ರೆ ನಾಳೆಯ ಸಾರು ನೀವೇ ಬಿಡುಗಡೆ ಮಾಡಿ" ಎಂದು ಅಕ್ಕ ಸೌಟನ್ನು ಅವರ ಕೈಗೇ ಕೊಟ್ಟಳು.

ಸೊನ್ನೆ ಪಾಯಿಂಟ್ ಒಂದರಿಂದ ಶುರುವಾದ ಆವೃತ್ತಿ ಸೊನ್ನೆ ಪಾಯಿಂಟ್ ಒಂಬತ್ತಕ್ಕೆ ಬಂತು. ಮುಂದಿನದು ಒಂದು ತಾನೇ? ಅಲ್ಲ! ಸೊನ್ನೆ ಪಾಯಿಂಟ್ ಒಂಬತ್ತು ಒಂದು. "ಒಂದು ಅಂತ ಹಾಕಿದ್ರೆ ಜವಾಬ್ದಾರಿ ಬರ್ತದೆ" ಎಂದರು ಭಾವ. ಜವಾಬ್ದಾರಿಗೆ ಇಷ್ಟು ಹೆದರುವವರು ಮದುವೆಯನ್ನು ಮಾತ್ರ ಒಂದೇ ಏಟಿಗೆ ಹೇಗೆ ಆದರೋ!

ಆ ಸಾಫ್ಟ್‌ವೇರಿಗೆ ಅರ್ಕಾವತ್ತು ಎಂದರೆ ಆಗುತ್ತಿರಲಿಲ್ಲ. 'ಸೂರ್ಯ'ನನ್ನು ಒಳಗೆ ಕಳಿಸಿದರೆ 'ಸೂಯರ್' ಆಗಿ ಹೊರಗೆ ಬರುತ್ತಿದ್ದ. ವಾಮದಪದವಿನ ನಮ್ಮ ನೆಂಟರೊಬ್ಬರ ಮಗನ ಮದುವೆ ಕಾಗದವನ್ನು ಭಾವ ಅದರಲ್ಲೇ ಹಾಯಿಸಿ ಅಚ್ಚು ಹಾಕಿದರು. ಕೆಳಗೆ ದಪ್ಪಕ್ಷರದಲ್ಲಿ, ಬಣ್ಣದಲ್ಲಿ, 'ಆಶೀವಾರ್ದವೇ ಉಡುಗೊರೆ'! ಮದುವೆಯ ದಿನ ಒಬ್ಬ ಅಜ್ಜ ನನ್ನನ್ನು ಪಕ್ಕಕ್ಕೆ ಕರೆದು, ಆ ಸಾಲಿನ ಮೇಲೆ ಬೆರಳಿಟ್ಟು, "ಹೆಣ್ಣಿನ ಕಡೆಯವರು ವಾರ್ಧಾದವರಾ? ಅಷ್ಟು ದೂರದಿಂದ ಯಾಕೆ ತಂದದ್ದು?" ಎಂದು ಕೇಳಿದರು. ಭಾವ ಅಂದು ಪಾಯಸಕ್ಕೂ ನಿಲ್ಲಲಿಲ್ಲ.

ಇಂಥ ಸಾಫ್ಟ್‌ವೇರನ್ನು ಲೋಕದಲ್ಲಿ ಒಬ್ಬರು ಮಾತ್ರ ಗಂಭೀರವಾಗಿ ಬಳಸುತ್ತಿದ್ದರು. ಹೆಸರಿನ ಜಾಗದಲ್ಲಿ ಬರೀ ಎರಡು ಇನಿಷಿಯಲ್. ಬಿಡುಗಡೆಯಾಗಿ ವಾರ ಕಳೆಯುವುದರೊಳಗೆ ಅವರ ಈಮೇಲ್ ಬರುತ್ತಿತ್ತು: ಇಂಥ ಪದ ಹೀಗಾಗಿದೆ, ಹೀಗಿರಬೇಕಿತ್ತು. ಸಾಲು ಸಾಲು. ಒಂದು ಮೆಚ್ಚುಗೆಯಿಲ್ಲ, ಒಂದು ಬೈಗುಳವೂ ಇಲ್ಲ. ಬೈದಿದ್ದರಾದರೂ ಭಾವ ತಡೆದುಕೊಳ್ಳುತ್ತಿದ್ದರೇನೋ!

"ಯಾರೋ ಬೆಂಗಳೂರಿನ ಕೆಲಸ ಇಲ್ಲದ ಹುಡುಗ. ಏಸಿ ಹಾಕಿ ಕೂತು ನಮ್ಮ ತಪ್ಪು ಹೆಕ್ಕುವುದು" ಎನ್ನುತ್ತಿದ್ದರು. ಉತ್ತರ ಬರೆಯುವಾಗಲೂ ಅದೇ ಬಿಗುಮಾನ: "ಇದು ದೋಷವಲ್ಲ. ನಿಮ್ಮ ಕಂಪ್ಯೂಟರಿನ ಸಮಸ್ಯೆ." ಎರಡು ವರ್ಷದಲ್ಲಿ ಒಂದು ತಪ್ಪನ್ನೂ ಬಾಯಿಬಿಟ್ಟು ಒಪ್ಪಿದವರಲ್ಲ. ಕದ್ದು ತಿದ್ದಿದ್ದು ಮಾತ್ರ ಎಲ್ಲವನ್ನೂ, ಅರ್ಕಾವತ್ತೊಂದನ್ನು ಬಿಟ್ಟು!

ಕೊನೆಗೊಮ್ಮೆ ಧೈರ್ಯ ಬಂತು. ಮುಂದಿನ ಭಾನುವಾರ ಒಂದನೆಯ ಆವೃತ್ತಿ ಎಂದು ಭಾವ ಇಂಟರ್ನೆಟ್ಟಿನಲ್ಲಿ ಘೋಷಿಸಿ, ನೋಡಿ ಹೇಳಲು ಒಂದು ಪ್ರತಿಯನ್ನು ಎಲ್ಲರಿಗೂ ಬಿಟ್ಟರು. ಎಲ್ಲರೂ ಎಂದರೆ ನಾನು ಮತ್ತು ಆ ಇನಿಷಿಯಲ್. ಬುಧವಾರ ಈಮೇಲ್ ಬಂತು: "ದಯವಿಟ್ಟು ಈಗ ಬಿಡುಗಡೆ ಮಾಡಬೇಡಿ. ಹದಿನೇಳು ತಪ್ಪುಗಳುಂಟು." ಪಟ್ಟಿಯ ಮೊದಲನೆಯದು, 'ಚಾರ್ಮಾಡಿ' ಎಂಬುದು 'ಚಾಮಾರ್ಡಿ' ಆಗಿದೆ.

ಭಾವ ಮೇಜು ಗುದ್ದಿದರು. "ಬೆಂಗಳೂರಿನವನಿಗೆ ಚಾರ್ಮಾಡಿ ಎಂತಕ್ಕೆ? ಇವ ನಮ್ಮ ಊರಿನವನೇ!" ಅಲ್ಲೇ ಕೂತು ಬರೆದರು: ನೀವು ಯಾರು? ಎಲ್ಲಿದ್ದೀರಿ? ಉತ್ತರ ಎರಡೇ ಸಾಲು. ಮನೆ ಚಾರ್ಮಾಡಿ ಹತ್ತಿರದ ಕಕ್ಕಿಂಜೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕನ್ನಡ ಟೀಚರ ಮನೆ ಎಂದು ಕೇಳಿ, ಬನ್ನಿ.

"ಹೋಗುವ. ಎದುರೇ ಕೇಳಿ ಬರುವ" ಎಂದರು. ಶನಿವಾರ ನನ್ನನ್ನೂ ಎಳೆದುಕೊಂಡು ಹೊರಟರು. ಬೆಳ್ತಂಗಡಿ ದಾಟುವವರೆಗೂ ಬೈಗುಳದ ಅಭ್ಯಾಸ ನಡೆದೇ ಇತ್ತು.

ಬಾಗಿಲು ತೆರೆದವರು ತಲೆಗೆ ಬಿಳಿ ದುಪಟ್ಟಾ ಹೊದ್ದ, ಎಪ್ಪತ್ತರ ಹತ್ತಿರದ ಹೆಂಗಸು. ನಮ್ಮ ಮುಖ ನೋಡದೆ, ಸ್ವಲ್ಪ ಬದಿಗೆ ನೋಡುತ್ತ, "ಬಂಟ್ವಾಳದಿಂದ ಬಂದದ್ದಲ್ವಾ ಸರ್? ಕೂತ್ಕೊಳ್ಳಿ" ಎಂದರು. ಭಾವ ಕೂತರು. ಅಭ್ಯಾಸ ಮಾಡಿದ ಬೈಗುಳದ ಜಾಗದಲ್ಲಿ "ನಮಸ್ಕಾರ ಟೀಚರ್" ಬಂತು.

ಕೋಣೆಯ ಮೂಲೆಯಲ್ಲಿ ಕಂಪ್ಯೂಟರ್. ಅದರ ಪರದೆಯ ತುಂಬ ಮೂರೇ ಮೂರು ಅಕ್ಷರ. ಒಂದೊಂದೂ ದೋಸೆಯಷ್ಟಗಲ.

"ನಡುವಿನ ದೃಷ್ಟಿ ಹೋಗಿದೆ, ಅಂಚಿನಲ್ಲಿ ಸ್ವಲ್ಪ ಕಾಣ್ತದೆ" ಎಂದರು ಟೀಚರ್. "ಹೀಗೆ ಮೂರು ಮೂರು ಅಕ್ಷರ ನೋಡುವುದು. ಅದಕ್ಕೇ ನಿಮಗೆ ಬರೀಲಿಕ್ಕೆ ವಾರ ಹಿಡಿಯುವುದು."

ಅವರ ಉಮ್ಮ, ಎಂದರೆ ತಾಯಿ, ಮದುವೆಮನೆಗಳಲ್ಲಿ ಹೇಳುತ್ತಿದ್ದ ಬ್ಯಾರಿ ಭಾಷೆಯ ಹಾಡುಗಳನ್ನು ಟೀಚರ್ ಕನ್ನಡ ಲಿಪಿಯಲ್ಲಿ ಬರೆದು, ಬೆಳ್ತಂಗಡಿಯಲ್ಲಿ ಟೈಪು ಮಾಡಿಸಿದ್ದರಂತೆ. ಕೈಬರಹದ ಪುಸ್ತಕವನ್ನು ಗೆದ್ದಲು ತಿಂದಿತು. ಹಳೆಯ ಫಾಂಟಿನಲ್ಲಿದ್ದ ಆ ಫೈಲು ಮಾತ್ರ ಉಳಿಯಿತು. ಅದನ್ನೇ ಅವರು ಪ್ರತಿ ಬಿಡುಗಡೆಯಲ್ಲೂ ಹಾಯಿಸಿ ನೋಡುತ್ತಿದ್ದದ್ದು.

"ಅಷ್ಟನ್ನು ಕೈಯಲ್ಲೇ ತಿದ್ದಿಸಬಹುದಿತ್ತಲ್ಲ ಟೀಚರ್?" ಎಂದು ನಾನು ಕೇಳಿದೆ.

"ಕೈಯಲ್ಲಿ ತಿದ್ದಿದ್ರೆ ನನ್ನದೊಂದು ಸರಿಯಾಗ್ತದೆ. ಇವರದ್ದು ಸರಿಯಾದ್ರೆ ಎಲ್ಲರದ್ದೂ ಸರಿಯಾಗ್ತದಲ್ಲ? ಪೂರ್ತಿ ಕತ್ತಲೆ ಆಗುವ ಮೊದಲು ನೋಡಿ ಮುಗಿಸುವ ಅಂತ ಇತ್ತು." ಭಾವ ಇದ್ದ ಕಡೆಗೆ ಅಂದಾಜಿನಲ್ಲಿ ತಿರುಗಿ, "ನಿಮಗೆ ಉಪದ್ರ ಆಯ್ತೇನೋ ಸರ್" ಎಂದರು.

ಭಾವ ಎದ್ದರು. ಕುರ್ಚಿಯನ್ನು ಪರದೆಯ ಹತ್ತಿರ ಎಳೆದು, ಅಕ್ಷರಗಳನ್ನು ಸಣ್ಣದು ಮಾಡಿದರು. "ನೀವು ಕಣ್ಣು ಮುಚ್ಚಿ ಕೂತ್ಕೊಳ್ಳಿ ಟೀಚರ್. ನಾನು ಓದ್ತೇನೆ. ತಪ್ಪಿದಲ್ಲಿ ಹೇಳಿ."

ಬ್ಯಾರಿ ಭಾಷೆಯ ಗಂಧಗಾಳಿ ಇಲ್ಲದ ಭಾವ ತಡವರಿಸಿ ಓದತೊಡಗಿದರು. ಎರಡನೆಯ ಸಾಲಿಗೇ ಟೀಚರ್ ಕೈ ಎತ್ತಿ ತಿದ್ದಿದರು. "ಸರಿ ಟೀಚರ್" ಎಂದು ಭಾವ ಮೊದಲಿನಿಂದ ಓದಿದರು. ಮತ್ತೆ ತಪ್ಪಿತು. ಈ ಸಲ ಟೀಚರ್ ಆ ಸಾಲನ್ನು ಹಾಡಿಯೇ ತೋರಿಸಿದರು, ಸಣ್ಣ ನಡುಗುವ ಸ್ವರದಲ್ಲಿ. ಭಾವ ಪರದೆ ಬಿಟ್ಟು ಅವರನ್ನೇ ನೋಡುತ್ತಿದ್ದರು.

ಸಂಜೆಯ ಬಸ್ಸಿನ ಹೊತ್ತಾಯಿತು. "ಭಾವ, ನಾಳೆ ಬಿಡುಗಡೆ ಅಲ್ವಾ?" ಎಂದೆ.

"ಎಂತದ್ದು ಬಿಡುಗಡೆ? ಇನ್ನೂ ನಲ್ವತ್ತು ಪುಟ ಉಂಟು ಮಾರಾಯ!"

ಒಂದನೆಯ ಆವೃತ್ತಿ ಬಂದದ್ದು ಆ ಮಳೆಗಾಲ ಮುಗಿದ ಮೇಲೆ. ಅಲ್ಲಿಯವರೆಗೂ ಪ್ರತಿ ಭಾನುವಾರ ಭಾವ ಕಕ್ಕಿಂಜೆಯ ಬಸ್ಸು ಹತ್ತಿದರು. ಹಾಡುಗಳು ಓದಿ ಮುಗಿದು ಈಗ ವರ್ಷ ದಾಟಿತು. ಟೀಚರಿಗೆ ಈಗ ಅಂಚಿನಲ್ಲೂ ಏನೂ ಕಾಣುವುದಿಲ್ಲ. ಭಾವ ಈಗಲೂ ಭಾನುವಾರ ಹೋಗುತ್ತಾರೆ, ಪೇಪರು ಓದಿ ಹೇಳಲಿಕ್ಕೆ.